ಕೆರೆಯ ಕೆಸರಿನ ಚೇಳು ಮೀನು

ಮೀನಿನ ಮುಳ್ಳು ಕೈಗೆ ಚುಚ್ಚುವುದು ಅಡುಗೆಮನೆಯಲ್ಲಿ ಹೊಸದೇನಲ್ಲ. ಸ್ವಲ್ಪ ರಕ್ತ ಬರುತ್ತದೆ, ಅರಿಶಿನ ಹಚ್ಚಿ ಕೆಲಸ ಮುಂದುವರಿಸುತ್ತೀರಿ. ಆದರೆ ಒಂದು ಮೀನು ಮಾತ್ರ ಹಾಗಲ್ಲ. ಅದು ಚುಚ್ಚಿದರೆ ಬೆರಳಿನಿಂದ ಮೊಣಕೈವರೆಗೆ ಉರಿ ಏರಿ, ಚೇಳು ಕುಟುಕಿದಂತೆಯೇ ನೋವು ಕೊಡುತ್ತದೆ. ಆದ್ದರಿಂದಲೇ ನಮ್ಮವರು ಅದನ್ನು ಚೇಳು ಮೀನು ಎಂದು ಕರೆದರು.

ಸಮುದ್ರದಲ್ಲಿಯೂ ಚೇಳು ಮೀನುಗಳಿವೆ. ಬಂಡೆ, ಹವಳಗಳ ನಡುವೆ ಕಲ್ಲಿನಂತೆ ಅಲುಗಾಡದೆ ಕೂತು ಬೇಟೆಯಾಡುವ ಅವುಗಳ ವಿಷ ಮುಖ್ಯವಾಗಿ ಬೆನ್ನಿನ ಮುಳ್ಳುಗಳಲ್ಲಿರುತ್ತದೆ. ನಮ್ಮ ಕೆರೆಯ ಚೇಳು ಮೀನು ಅವುಗಳ ಸಂಬಂಧಿಯಲ್ಲ. ಇದು ಮೀಸೆ ಮೀನುಗಳ ಜಾತಿಗೆ ಸೇರಿದ್ದು. ವಿಜ್ಞಾನಿಗಳು ಇದನ್ನು ಹೆಟೆರೋಪ್ನ್ಯೂಸ್ಟಿಸ್ ಫಾಸಿಲಿಸ್ ಎನ್ನುತ್ತಾರೆ.

ಗುರುತಿಸುವುದು ಹೇಗೆ?

ಉದ್ದವಾದ, ಪಕ್ಕಗಳು ಚಪ್ಪಟೆಯಾದ, ಕಂದು ಅಥವಾ ಕಪ್ಪು ಬಣ್ಣದ ಮೈ. ಪೊರೆ ಇಲ್ಲ, ಚರ್ಮ ಜಾರುತ್ತದೆ. ತಲೆ ತಟ್ಟೆಯಾಗಿದ್ದು ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿರುತ್ತವೆ. ಕೆಸರುನೀರಿನಲ್ಲಿ ಕಣ್ಣಿಗಿಂತ ಈ ಮೀಸೆಗಳೇ ಆಹಾರ ಹುಡುಕಲು ನೆರವಾಗುತ್ತವೆ. ಬೆನ್ನಿನ ರೆಕ್ಕೆ ತೀರಾ ಚಿಕ್ಕದು, ಅದರಲ್ಲಿ ಮುಳ್ಳಿಲ್ಲ. ಅಪಾಯವಿರುವುದು ತಲೆಯ ಹಿಂದೆ ಎರಡೂ ಪಕ್ಕಗಳಲ್ಲಿರುವ ರೆಕ್ಕೆಗಳಲ್ಲಿ. ಅಲ್ಲಿ ಒಂದೊಂದು ಗಟ್ಟಿ ಮುಳ್ಳಿದ್ದು, ಅದಕ್ಕೆ ಅಂಟಿಕೊಂಡೇ ವಿಷದ ಗ್ರಂಥಿ ಇರುತ್ತದೆ.

ಬರಗಾಲವನ್ನು ಗೆಲ್ಲುವ ಮೀನು

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಗೌರಿಬಿದನೂರಿನ ಉತ್ತರ ಪಿನಾಕಿನಿಯೂ ಮಳೆ ಬಂದರೆ ಮಾತ್ರ ಹರಿಯುತ್ತದೆ. ಇಂಥ ಸೀಮೆಯಲ್ಲಿ ಕೆರೆ ಬತ್ತುತ್ತಾ ಬಂದು ಇತರ ಮೀನುಗಳು ಹೊಟ್ಟೆ ಮೇಲಾಗಿ ತೇಲುವಾಗ ಚೇಳು ಮೀನು ಹೇಗೆ ಬದುಕುತ್ತದೆ?

ಅದರ ಗುಟ್ಟು ದೇಹದೊಳಗಿದೆ. ಕಿವಿರಿನ ಗೂಡಿನಿಂದ ಹೊರಟ ಎರಡು ಗಾಳಿಚೀಲಗಳು ಬೆನ್ನಿನ ಮಾಂಸದ ನಡುವೆ ಬಾಲದ ಕಡೆಗೆ ಉದ್ದಕ್ಕೆ ಹೋಗುತ್ತವೆ. ಮೀನು ನೀರಿನ ಮೇಲಕ್ಕೆ ಬಂದು ಗಾಳಿ ನುಂಗಿ ಕೆಳಗಿಳಿಯುತ್ತದೆ. ಈ ಚೀಲಗಳು ಶ್ವಾಸಕೋಶದ ಕೆಲಸ ಮಾಡುತ್ತವೆ. ಆದ್ದರಿಂದ ಹಸಿ ಕೆಸರಿನಲ್ಲಿಯೂ ಅದು ಬದುಕುಳಿಯಬಲ್ಲದು. ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಮೇಲೆ ಬರಲು ಬಿಡದಿದ್ದರೆ ಮೀನಾಗಿದ್ದೂ ಉಸಿರುಕಟ್ಟಿ ಸಾಯುತ್ತದೆ! ಮಳೆಗಾಲದಲ್ಲಿ ಹೊಸ ನೀರು ಬಂದಾಗ ಇದು ಮೊಟ್ಟೆ ಇಡುತ್ತದೆ.

ಬೇಸಿಗೆಯಲ್ಲಿ ಮಕ್ಕಳು ಬತ್ತಿದ ಕೆರೆಗಿಳಿದು ಬರಿಗೈಯಲ್ಲಿ ಮೀನು ಹಿಡಿಯುತ್ತಾರಲ್ಲವೇ? ಕೆಸರಲ್ಲಿ ಅಡಗಿದ ಈ ಮೀನು ಕೈಗೋ ಕಾಲಿಗೋ ಚುಚ್ಚುವುದು ಆಗಲೇ. ಅವರಿಗೆ ಮೊದಲೇ ಎಚ್ಚರ ಹೇಳಿರಿ.

ಚುಚ್ಚಿದರೆ ಏನು ಮಾಡಬೇಕು?

ಬ್ಲೇಡಿನಿಂದ ಕುಯ್ಯುವುದು, ಬಾಯಿಂದ ಹೀರುವುದು, ದಾರದಿಂದ ಬಿಗಿಯಾಗಿ ಕಟ್ಟುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಗಾಯವನ್ನು ಶುದ್ಧ ನೀರಿನಿಂದ ತೊಳೆಯಿರಿ. ಮೇಲೆ ಕಾಣುವ ಮುಳ್ಳಿನ ಚೂರನ್ನು ಮೆಲ್ಲಗೆ ತೆಗೆಯಿರಿ. ಬಳಿಕ ತಡೆಯಬಹುದಾದಷ್ಟು ಬಿಸಿನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ಮೀನಿನ ವಿಷ ಶಾಖಕ್ಕೆ ಕೆಡುತ್ತದೆ. ಸಮುದ್ರದ ಚೇಳು ಮೀನು ಚುಚ್ಚಿದಾಗಲೂ ಇದೇ ಪ್ರಥಮ ಚಿಕಿತ್ಸೆ. ಆದರೆ ನೀರಿನ ಬಿಸಿಯನ್ನು ನೋಯದ ಕೈಯಿಂದಲೇ ಪರೀಕ್ಷಿಸಿ. ನೋವಿರುವ ಕೈಗೆ ಬಿಸಿಯ ಅಂದಾಜು ಸಿಗದೆ ಚರ್ಮ ಸುಟ್ಟೀತು. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಗಳಲ್ಲಿ ದಿನವೂ ಬಿಸಿನೀರಿನಲ್ಲಿ ಕೈಯಾಡಿಸುವ ಸಹೋದರಿಯರು ಇದನ್ನು ವಿಶೇಷವಾಗಿ ನೆನಪಿಡಬೇಕು. ನಿಮ್ಮ ಕೈಗೆ ಹಿತವೆನಿಸುವ ನೀರು ಮಗುವಿನ ಕೈಯನ್ನು ಸುಡಬಹುದು.

ನೋವು ಇಳಿದರೂ ವೈದ್ಯರನ್ನು ಕಾಣಿರಿ. ಧನುರ್ವಾಯು ಚುಚ್ಚುಮದ್ದು ಬೇಕಾಗಬಹುದು, ಮುಳ್ಳಿನ ತುಂಡು ಒಳಗೇ ಉಳಿದಿರಬಹುದು. ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬಾವು ಏರುತ್ತಾ ಹೋದರೆ, ಜ್ವರ ಅಥವಾ ಕೀವು ಕಂಡರೆ ಅದೇ ದಿನ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಚಿಕ್ಕ ಗಾಯವನ್ನೂ ಕಡೆಗಣಿಸಬಾರದು.

ಕೊಳ್ಳುವಾಗ, ಶುಚಿ ಮಾಡುವಾಗ

ಇದರ ಮಾಂಸ ವಿಷವಲ್ಲ. ಬಂಗಾಳ, ಅಸ್ಸಾಮಿನಲ್ಲಿ ಕಾಯಿಲೆಯಿಂದ ಎದ್ದವರಿಗೆ ಇದರ ಸಾರನ್ನೇ ಕೊಡುತ್ತಾರೆ. ಆದರೆ ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ. ಕೈಗೆ ದಪ್ಪ ಬಟ್ಟೆ ಸುತ್ತಿ, ಬೂದಿ ಹಚ್ಚಿ, ಮೊದಲು ಪಕ್ಕದ ಎರಡೂ ಮುಳ್ಳುಗಳನ್ನು ಕತ್ತರಿಸಿ ತೆಗೆಯಿರಿ. ಅವನ್ನು ಕಾಗದದಲ್ಲಿ ಸುತ್ತಿ ಎಸೆಯಿರಿ.

ಮಾರುಕಟ್ಟೆಯಲ್ಲಿ ಇನ್ನೊಂದು ಎಚ್ಚರ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರಕಾರ 2000ದಲ್ಲಿಯೇ ನಿಷೇಧಿಸಿದೆ. ಕೆರೆಗೆ ಸೇರಿದರೆ ನಮ್ಮ ನಾಡಿನ ಮೀನುಗಳನ್ನು ತಿಂದು ಮುಗಿಸುವ ಮೀನದು. ಅದರ ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದ ಬಾಲದವರೆಗೂ ಉದ್ದವಾಗಿರುತ್ತದೆ. ಚೇಳು ಮೀನಿನಿಂದ ಅದನ್ನು ಬೇರೆಯಾಗಿ ಗುರುತಿಸಲು ಇದು ಸಾಕು.

ಚೇಳು ಮೀನು ಕೊಳಕು ನೀರಿನಲ್ಲಿಯೂ ಬದುಕುತ್ತದೆ. ಆದ್ದರಿಂದ ಮೀನು ಜೀವಂತವಾಗಿದೆ ಎಂದ ಮಾತ್ರಕ್ಕೆ ನೀರು ಒಳ್ಳೆಯದೆಂದು ತಿಳಿಯಬಾರದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಚಿಕ್ಕಬಳ್ಳಾಪುರ ಹಾಗೂ ಚಿಂತಾಮಣಿಯ ಕೆಲವು ಕೆರೆಗಳಿಗೆ ಹರಿದಿದೆ. ಯಾವ ಕೆರೆಯ ಮೀನು ಎಂದು ಮಾರುವವರನ್ನು ಕೇಳುವುದು ಒಳ್ಳೆಯ ಅಭ್ಯಾಸ.

 ಈ ಮೀನು ಹೆಚ್ಚಾಗಿ ತನ್ನನ್ನು ಹಿಡಿದವರಿಗೆ, ತುಳಿದವರಿಗೆ ಚುಚ್ಚುತ್ತದೆ. ಕೆರೆಗೆ ಹೊರಟ ಮಕ್ಕಳಿಗೆ ಇಷ್ಟು ತಿಳಿದಿದ್ದರೆ ಮೀನೂ ಉಳಿದೀತು, ಕೈಯೂ ಉಳಿದೀತು.