ಬ್ರೇಕ್ ಪೈಪಿನ ತುದಿ

ಕರಾವಳಿಯಲ್ಲಿ ಹತ್ತಾರು ಮಳೆಗಾಲ ಕಂಡ ಕಾರನ್ನು ಗ್ಯಾರೇಜಿನಲ್ಲಿ ಮೇಲೆತ್ತಿದರೆ, ಅನುಭವಿ ಮೆಕ್ಯಾನಿಕ್ ಮೊದಲು ಬೆರಳಾಡಿಸುವುದು ಹಿಂದಿನ ಚಕ್ರಗಳಿಗೆ ಸಾಗುವ ಬ್ರೇಕ್ ಪೈಪಿನ ಮೇಲೆ. ಪೆನ್ಸಿಲಿಗಿಂತ ಸಪೂರವಾದ, ಸುಮಾರು 4.75 ಮಿ.ಮೀ. ದಪ್ಪದ ಉಕ್ಕಿನ ಕೊಳವೆ ಅದು. ಉಪ್ಪುಗಾಳಿಯ ತುಕ್ಕು ಕಣ್ಣೆದುರೇ ಕಂಡರೆ ಪುಣ್ಯ. ಬಹಳ ಸಲ ಅದು ಕ್ಲಿಪ್ಪಿನ ಅಡಿಯಲ್ಲಿ, ಕೆಸರು ಕೂತು ತೇವ ಆರದ ಜಾಗದಲ್ಲಿ ಅಡಗಿರುತ್ತದೆ.

ಪೆಡಲನ್ನು ಜೋರಾಗಿ ತುಳಿದಾಗ ಈ ಪೈಪಿನೊಳಗೆ 100 ಬಾರ್‌ನಷ್ಟು ಒತ್ತಡ ಏಳಬಹುದು. ಟಯರಿನ ಗಾಳಿಯ 40 ಪಟ್ಟಿಗೂ ಹೆಚ್ಚು. ಸವೆದ ಪೈಪ್ ಒಡೆಯುವುದೂ ಅಂಥ ಹೊತ್ತಿನಲ್ಲೇ. ಈಗಿನ ಕಾರುಗಳಲ್ಲಿ ಎರಡು ಸರ್ಕ್ಯೂಟ್ ಇರುವುದರಿಂದ ಒಂದು ಹೋದರೂ ಇನ್ನೊಂದು ಕಾರನ್ನು ನಿಲ್ಲಿಸುತ್ತದೆ, ಆದರೆ ಬಹಳ ದೂರ ಉರುಳಿದ ಮೇಲೆ.

ಹಳೆಯ ಮಾಡೆಲ್‌ಗಳಿಗೆ ಬಾಗಿಸಿಟ್ಟ ಪೈಪ್ ಸಿಗುವುದು ಕಷ್ಟ. ಆಗ ಸುರುಳಿಯಿಂದ ಕತ್ತರಿಸಿ ಕೈಯಲ್ಲೇ ಮಾಡಬೇಕು. ಹಳೆಯ ಪೈಪೇ ಇದಕ್ಕೆ ಅಳತೆ, ಹಾಗಾಗಿ ಅದನ್ನು ಜೋಪಾನವಾಗಿ ಬಿಚ್ಚಬೇಕು. ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದುಹೋಗುತ್ತದೆ. ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರೇ ಬೇಕು.

ಕಸುಬು ಇರುವುದೆಲ್ಲ ತುದಿಯಲ್ಲಿ. ಪುಟ್ಟ ಕಟರಿನಿಂದ ನೇರವಾಗಿ ಕತ್ತರಿಸಿ, ಒಳಂಚು ಕೆರೆದು, ನಟ್ಟನ್ನು ಮೊದಲೇ ಏರಿಸಿಕೊಳ್ಳಬೇಕು. ತುದಿ ಅರಳಿದ ಮೇಲೆ ಅದು ಏರದು. ಪೈಪನ್ನು ಅಚ್ಚಿನ ಪಟ್ಟಿಯಲ್ಲಿ ಬಿಗಿದು ಸ್ಕ್ರೂ ತಿರುಗಿಸಿದರೆ ತುದಿ ಹೊರಕ್ಕೆ ಉಬ್ಬುತ್ತದೆ. ಕೆಲವು ಕಾರುಗಳಿಗೆ ಅಷ್ಟೇ ಸಾಕು. ಉಳಿದವಕ್ಕೆ ಚೂಪು ಮೊನೆಯಿಂದ ಮತ್ತೊಮ್ಮೆ ಒತ್ತಬೇಕು. ಉಬ್ಬಿದ ಅಂಚು ಒಳಕ್ಕೆ ಮಡಚಿ ಎರಡು ಪದರವಾಗುತ್ತದೆ. ಯಾವುದು ಬೇಕೆಂದು ಹಳೆಯ ತುದಿಯೇ ಹೇಳುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅಂಚು ವಾರೆಯಾದರೆ, ಸಣ್ಣ ಬಿರುಕು ಕಂಡರೆ, ಕಸುಬು ಬಲ್ಲವರು ತುದಿ ಕತ್ತರಿಸಿ ಮತ್ತೆ ಶುರುಮಾಡುತ್ತಾರೆ. ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟುವುದು ಇಲ್ಲೇ. ಸೋರಿಕೆ ತಡೆಯಲು ಈ ತುದಿಯಲ್ಲಿ ವಾಷರಿಲ್ಲ, ಅಂಟಿಲ್ಲ. ಲೋಹಕ್ಕೆ ಲೋಹ ಒತ್ತಿ ಕೂರಬೇಕು, ಅಷ್ಟೇ.

ಪೈಪಿಗೆ ಬರಿಯ ತಾಮ್ರ ಬೇಡ, ಅದುರಿ ಅದುರಿ ಗಡಸಾಗಿ ಬಿರುಕು ಬಿಡುತ್ತದೆ. ಸುಮಾರು 90 ಪಾಲು ತಾಮ್ರಕ್ಕೆ 10 ಪಾಲು ನಿಕ್ಕಲ್ ಬೆರೆಸಿದ ಪೈಪ್ ಕೈಗೆ ಸುಲಭವಾಗಿ ಬಾಗುತ್ತದೆ, ತುಕ್ಕೂ ಹಿಡಿಯದು. ಬೆಲೆ ಹೆಚ್ಚಾದರೂ ಕಡಲ ತೀರದವರು ಇದನ್ನೇ ಕೇಳಿ ಹಾಕಿಸಿಕೊಳ್ಳಬೇಕು.

ಜೋಡಿಸಿದ ಮೇಲೆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯುತ್ತಾರೆ, ಇನ್ನೊಬ್ಬರು ಕೆಳಗೆ ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ, ಅದಕ್ಕೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ನಿಲ್ಲುವವರೆಗೂ ನೋಡುತ್ತಾರೆ. “ಒತ್ತು”, “ಹಿಡಿ”, “ಬಿಡು” ಎಂಬ ಮೂರು ಮಾತಿನಲ್ಲೇ ಕೆಲಸ ಸಾಗುತ್ತದೆ. ಬ್ರೇಕ್ ಆಯಿಲ್ ಹೊಸ ಡಬ್ಬಿಯದೇ ಆಗಿರಬೇಕು. ಅದು ಗಾಳಿಯ ತೇವ ಹೀರುತ್ತದೆ. 205 ಡಿಗ್ರಿಯಲ್ಲಿ ಕುದಿಯಬೇಕಾದ ಡಾಟ್ 3 ದರ್ಜೆಯ ಆಯಿಲ್ ತೇವ ಹೀರಿದ ಮೇಲೆ 140ರ ಹೊತ್ತಿಗೇ ಕುದಿಯಬಹುದು. ಬ್ರೇಕ್ ಒತ್ತುತ್ತಲೇ ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವವರಿಗೆ ಈ ಅಂತರ ಸಣ್ಣದಲ್ಲ.

ಕೊನೆಗೆ ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಒತ್ತಿ ಹಿಡಿದು, ಪ್ರತಿ ನಟ್ಟಿಗೂ ಒಣ ಕಾಗದ ತಾಗಿಸಿ ನೋಡಬೇಕು. ಕಾಗದ ಒದ್ದೆಯಾದರೆ ನಟ್ಟನ್ನು ಇನ್ನಷ್ಟು ಹಿಂಡುತ್ತ ಹೋಗುವುದಲ್ಲ, ಬಿಚ್ಚಿ ತುದಿಯನ್ನು ನೋಡಬೇಕು.