ಪೆಟ್ರಾಪೋಲ್‌ನಲ್ಲಿ ನಿಂತ ಲಾರಿ

ಕೋಲ್ಕತ್ತದಿಂದ ಜೆಸ್ಸೋರ್ ರಸ್ತೆ ಹಿಡಿದು ಸುಮಾರು 80 ಕಿಲೋಮೀಟರ್ ಸಾಗಿದರೆ ಪೆಟ್ರಾಪೋಲ್. ಗೇಟಿನ ಆಚೆಗೆ ಬಾಂಗ್ಲಾದೇಶದ ಬೆನಾಪೋಲ್. ಎರಡೂ ಕಡೆ ಆಡುವ ಭಾಷೆ ಬಂಗಾಳಿ. ರಸ್ತೆಯ ಎಡಬದಿಯಲ್ಲೇ ಓಡಿಸಬೇಕೆಂಬ ನಿಯಮವೂ ಒಂದೇ. ಟಾಟಾ, ಅಶೋಕ್ ಲೇಲ್ಯಾಂಡ್ ಲಾರಿಗಳು ಎರಡೂ ದೇಶಗಳಲ್ಲಿ ಓಡುತ್ತವೆ. ಆದರೂ ಭಾರತದ ಲಾರಿ ನೇರವಾಗಿ ಢಾಕಾಕ್ಕೆ ಹೋಗುವಂತಿಲ್ಲ. ಬೆನಾಪೋಲ್‌ನ ಅಂಗಳದಲ್ಲಿ ಸರಕು ಇಳಿಸಿ ಹಿಂದಿರುಗಬೇಕು. ಅದೇ ಸರಕನ್ನು ಅಲ್ಲಿನ ಲಾರಿಗೆ ಮತ್ತೆ ಹೇರಬೇಕು.

ದಕ್ಷಿಣ ಏಷ್ಯಾದ ಅತಿ ದೊಡ್ಡ ಭೂ ಬಂದರಿನ ಸ್ಥಿತಿ ಇದು. ವಿಶ್ವಬ್ಯಾಂಕ್ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಲ್ಲಿ ಗಡಿ ದಾಟಲು ಸರಾಸರಿ 138 ಗಂಟೆ ಹಿಡಿಯುತ್ತಿತ್ತು. ಅದರಲ್ಲಿ 28 ಗಂಟೆ ಸರಕನ್ನು ಒಂದು ಲಾರಿಯಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೇ ಖರ್ಚು. ಇಷ್ಟೇ ದಟ್ಟಣೆಯಿರುವ ಪೂರ್ವ ಆಫ್ರಿಕದ ಗಡಿಗಳಲ್ಲಿ 6 ಗಂಟೆಗಿಂತ ಕಡಿಮೆ ಸಾಕಾಗುತ್ತಿತ್ತು. ಭಾರತದ ಕಂಪೆನಿಯೊಂದಕ್ಕೆ ಪಕ್ಕದ ಬಾಂಗ್ಲಾದೇಶದ ಜೊತೆಗಿನ ವ್ಯಾಪಾರಕ್ಕಿಂತ ಬ್ರೆಜಿಲ್ ಅಥವಾ ಜರ್ಮನಿಯ ಜೊತೆಗಿನ ವ್ಯಾಪಾರವೇ ಶೇ 15ರಿಂದ 20ರಷ್ಟು ಅಗ್ಗ ಎಂಬ ಮಾತೂ ಆ ವರದಿಯಲ್ಲಿದೆ.

ಈ ವಿಳಂಬದ ಬೇರು ದೇಶ ವಿಭಜನೆಯಲ್ಲಿದೆ. ಪೆಟ್ರಾಪೋಲ್ ಸೇರಿರುವ ಬನಗಾಂವ್ ಉಪವಿಭಾಗ 1947ರವರೆಗೆ ಜೆಸ್ಸೋರ್ ಜಿಲ್ಲೆಯದೇ ಭಾಗ. ರ್‍ಯಾಡ್‌ಕ್ಲಿಫ್ ಎಳೆದ ಗೆರೆ ಜಿಲ್ಲೆಯನ್ನು ಸೀಳಿತು. ಜೆಸ್ಸೋರ್ ಪಟ್ಟಣ ಆ ಕಡೆಗೆ ಹೋಯಿತು, ಅದರ ಹೆಸರಿನ ರಸ್ತೆಯ ಅರ್ಧ ಈ ಕಡೆ ಉಳಿಯಿತು. ಆಮೇಲೂ ರೈಲುಗಳು ಓಡುತ್ತಿದ್ದವು. 1965ರ ಯುದ್ಧ ಅದನ್ನೂ ನಿಲ್ಲಿಸಿತು. 1971ರಲ್ಲಿ ನಿರಾಶ್ರಿತರು ನಡೆದು ಬಂದದ್ದು ಇದೇ ದಾರಿಯಲ್ಲಿ. ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್ ಆ ದೃಶ್ಯ ಕಂಡು ಈ ರಸ್ತೆಯ ಹೆಸರಿನಲ್ಲೇ ಕವಿತೆ ಬರೆದ.

ದಾರಿ ಕಿರಿದಾಗಿರುವುದೇ ತೊಂದರೆಗೆ ಮೂಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಗಲೀಕರಣಕ್ಕೆ ಮತ್ತು ರೈಲ್ವೆ ಮೇಲ್ಸೇತುವೆಗಳಿಗೆ ದಾರಿಬದಿಯ ಹಳೆಯ ಮರಗಳು ಅಡ್ಡಬಂದಾಗ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ 356 ಮರ ಕಡಿಯಲು ಒಪ್ಪಿತು. ಆದರೆ ರಸ್ತೆ ಎಷ್ಟೇ ಅಗಲವಾದರೂ ಗೇಟಿನ ಮುಂದೆ ಲಾರಿ ನಿಲ್ಲಲೇಬೇಕಲ್ಲ! ಅದನ್ನು ಹಿಡಿದು ನಿಲ್ಲಿಸುವುದು ಕಾಗದ. ಈ ಕಡೆಯ ಕಸ್ಟಮ್ಸ್ ನೋಡಿದ್ದನ್ನು ಆ ಕಡೆಯವರು ಮತ್ತೆ ನೋಡಬೇಕು. ಪರವಾನಗಿ, ವಿಮೆ, ಚಾಲಕನ ಲೈಸೆನ್ಸ್ ಯಾವುದಕ್ಕೂ ಗೆರೆಯಾಚೆ ಬೆಲೆಯಿಲ್ಲ. ಅಪಘಾತವಾದರೆ ಪರಿಹಾರ ಯಾರದ್ದು ಎಂಬ ಪ್ರಶ್ನೆಗೂ ಉತ್ತರವಿಲ್ಲ.

ಯುರೋಪ್ ಇದಕ್ಕೊಂದು ಉಪಾಯ ಕಂಡುಕೊಂಡಿತ್ತು. ಹೊರಡುವ ಊರಿನಲ್ಲೇ ಸರಕನ್ನು ತಪಾಸಣೆ ಮಾಡಿ ಲಾರಿಗೆ ಸೀಲು ಹಾಕುವುದು. ಸುಂಕದ ಹೊಣೆಯನ್ನು ಒಂದು ಸಂಸ್ಥೆ ಖಾತರಿಪಡಿಸುವುದು. ನಡುವಿನ ಗಡಿಗಳಲ್ಲಿ ಸೀಲು ಮುರಿದಿಲ್ಲವೆಂದು ನೋಡಿ ಬಿಟ್ಟುಬಿಡುವುದು. ಎರಡನೇ ಮಹಾಯುದ್ಧದ ನಂತರ ಬೆಳೆದ ಈ ಪದ್ಧತಿಗೆ 1975ರಲ್ಲಿ ಈಗಿನ ಒಪ್ಪಂದದ ರೂಪ ಬಂತು. ಟಿಐಆರ್ ಎಂದು ಹೆಸರಾದ ಅದಕ್ಕೆ ಭಾರತ ಸೇರಿದ್ದು 2017ರಲ್ಲಿ. ಪೂರ್ವ ಆಫ್ರಿಕದ್ದು ಇನ್ನೂ ಸರಳ: ಎರಡೂ ದೇಶಗಳ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕೂರುತ್ತಾರೆ, ಲಾರಿ ಒಂದೇ ಸಲ ನಿಲ್ಲುತ್ತದೆ.

ನಮ್ಮಲ್ಲೂ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳಗಳು 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ನವೆಂಬರ್‌ನಲ್ಲಿ ಕೋಲ್ಕತ್ತದಿಂದ ಢಾಕಾ ಮೂಲಕ ಅಗರ್ತಲಕ್ಕೆ ಲಾರಿಯೊಂದನ್ನು ಪ್ರಾಯೋಗಿಕವಾಗಿ ಓಡಿಸಲಾಯಿತು. ಅಸ್ಸಾಂ ಸುತ್ತಿ ಹೋಗುವುದಕ್ಕೆ ಹೋಲಿಸಿದರೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ಉಳಿಯಿತು. ಆದರೆ 2016ರಲ್ಲಿ ಭೂತಾನ್ ಸಂಸತ್ತಿನ ಮೇಲ್ಮನೆ ಒಪ್ಪಂದವನ್ನು ತಳ್ಳಿಹಾಕಿತು. ಹೊರಗಿನ ಲಾರಿಗಳು ನುಗ್ಗಿದರೆ ಪುಟ್ಟ ದೇಶದ ಪರಿಸರದ ಗತಿಯೇನು ಎಂಬುದು ಅದರ ಆತಂಕ. ಉಳಿದ ಮೂವರು ಮುಂದುವರಿಯಬಹುದೆಂದು ಭೂತಾನ್ 2017ರಲ್ಲಿ ಹೇಳಿದರೂ, ಹತ್ತು ವರ್ಷ ಕಳೆದ ಮೇಲೂ ಒಪ್ಪಂದದಡಿ ಮಾಮೂಲು ಸರಕು ಸಂಚಾರ ಶುರುವಾಗಿರಲಿಲ್ಲ.

ಆತಂಕ ಭೂತಾನಿಗಷ್ಟೇ ಸೀಮಿತವಲ್ಲ. ಲಾರಿ ನಿಲ್ಲುವುದರಿಂದಲೇ ಬದುಕುವ ಊರು ಬನಗಾಂವ್. ಹಮಾಲರು, ಕ್ಲಿಯರಿಂಗ್ ಏಜೆಂಟರು, ಲಾರಿ ನಿಲ್ದಾಣದವರು, ಚಹಾ ಅಂಗಡಿಯವರು, ಎಲ್ಲರ ಒಲೆ ಉರಿಯುವುದು ಕಾಯುವ ಚಾಲಕನಿಂದ. ಲಾರಿ ನಿಲ್ಲದೆ ಹೋದರೆ ಉಳಿತಾಯ ವ್ಯಾಪಾರಿಗೆ, ನಷ್ಟ ಇವರಿಗೆ. ಸುಧಾರಣೆಯ ವರದಿಗಳಲ್ಲಿ ಈ ಜನರಿಗೆ ಸಿಗುವ ಜಾಗ ಬಹಳ ಕಡಿಮೆ. ಇನ್ನು ಚಾಲಕ ಮತ್ತು ಕ್ಲೀನರ್‌ಗೆ ನಿಂತ ದಿನವೆಲ್ಲ ಸಂಪಾದನೆಯಿಲ್ಲದ ದಿನ; ಮಾಲೀಕನಿಗೆ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಒಂದಷ್ಟು ಸುಲಭವಾದದ್ದೂ ಉಂಟು. 2022ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಲಾರಿಗಳ ಸರದಿಯನ್ನು ಮೊದಲೇ ಕಂಪ್ಯೂಟರ್ ಮೂಲಕ ಕಾದಿರಿಸುವ ವ್ಯವಸ್ಥೆ ತಂದಿತು. ಅದೇ ವರ್ಷದ ಜೂನ್‌ನಲ್ಲಿ ಪದ್ಮಾ ಸೇತುವೆ ತೆರೆದು, ಢಾಕಾ ದಾರಿಯ ಲಾರಿಗಳು ನದಿ ದಾಟಲು ದೋಣಿಗಾಗಿ ಕಾಯುವುದು ತಪ್ಪಿತು. 2024ರ ಅಕ್ಟೋಬರ್‌ನಲ್ಲಿ ಪೆಟ್ರಾಪೋಲ್‌ನಲ್ಲಿ ಸರಕಿಗೆಂದೇ ‘ಮೈತ್ರಿ ದ್ವಾರ’ ಉದ್ಘಾಟನೆಯಾಯಿತು.

ಅಷ್ಟರಲ್ಲಿ ಢಾಕಾದಲ್ಲಿ ಸರ್ಕಾರ ಬದಲಾಗಿ ಸಂಬಂಧ ಹಳಸಿತ್ತು. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ಭಾರತದ ನೂಲು ಭೂ ಬಂದರುಗಳ ಮೂಲಕ ಬರುವುದನ್ನು ನಿಲ್ಲಿಸಿತು. ಮೇ ತಿಂಗಳಲ್ಲಿ ಭಾರತವೂ ಅಲ್ಲಿನ ಸಿದ್ಧ ಉಡುಪಿಗೆ ಭೂಮಾರ್ಗ ಮುಚ್ಚಿ, ಕೋಲ್ಕತ್ತ ಮತ್ತು ಮುಂಬೈ ಬಳಿಯ ನ್ಹಾವಾ ಶೇವಾ ಬಂದರುಗಳಲ್ಲಿ ಮಾತ್ರ ಇಳಿಸಬೇಕೆಂದಿತು. ಪೆಟ್ರಾಪೋಲ್ ಗೇಟು ದಾಟಿ ಬರುತ್ತಿದ್ದ ಅಂಗಿಯ ಗಂಟು ಆಗ ಹಡಗು ಹತ್ತಬೇಕಾಯಿತು.