‘ಬಾಲ್ಯದಿಂದಲೂ ಆಸೆ’ ಅಂತ ಶುರು ಮಾಡಬೇಡಿ

ವಿದೇಶದಲ್ಲಿ ಮಾಸ್ಟರ್ಸ್ ಓದಲು ಹೊರಟ ನಮ್ಮ ಮಕ್ಕಳು ಅಂಕಪಟ್ಟಿಗೆ ಕೊಡುವಷ್ಟು ಗಮನವನ್ನು ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ಗೆ ಕೊಡುವುದಿಲ್ಲ. ಯಾರದ್ದೋ ಮಾದರಿಗೆ ಹೆಸರು ಬದಲಿಸಿ ಕಳಿಸಿಬಿಡುತ್ತಾರೆ.

ಉಚ್ಚಿಲದ ಒಬ್ಬಳು ಸಿವಿಲ್ ಎಂಜಿನಿಯರ್ ಅಂತ ಇಟ್ಟುಕೊಳ್ಳಿ. ‘ಬಾಲ್ಯದಿಂದಲೂ ಆಸೆ’ ಎಂದು ಬರೆದರೆ ಸಾವಿರದಲ್ಲಿ ಅದೂ ಒಂದು ಅರ್ಜಿ. ಮಳೆಗಾಲದ ಕಡಲು ಮನೆಯ ಹಿಂದಿನ ತೆಂಗಿನ ಮರಗಳನ್ನು ಎಳೆದುಕೊಂಡು ಹೋಯಿತು. ಕಲ್ಲು ಹಾಕಿದರೆ ಕೊರೆತ ಪಕ್ಕಕ್ಕೆ ಸರಿಯಿತು, ಯಾಕೆ? ಈ ಪ್ರಶ್ನೆಯೇ ಮೊದಲ ಪ್ಯಾರಾ ಆಗಲಿ.

ಎರಡನೆಯದರಲ್ಲಿ, ಅದಕ್ಕಾಗಿ ಕಲಿತದ್ದು: ಪ್ರಾಜೆಕ್ಟ್‌ನಲ್ಲಿ ನಾನೇ ಏನು ಮಾಡಿದೆ, ಏನು ಗೊತ್ತಾಯಿತು. ಮೂರನೆಯದರಲ್ಲಿ, ಇದೇ ವಿಭಾಗ ಯಾಕೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ಗೆ ಬರೆಯುವುದಾದರೆ ‘ಹೆಸರಾಂತ ವಿವಿ’ ಅಂದರೆ ಸಾಲದು. ಅಲ್ಲಿನ ಯಾವ ಪಾಠ, ಯಾರ ಸಂಶೋಧನೆ ಬೇಕು ಅಂತ ಹೇಳಬೇಕು. ಕೊನೆಗೆ, ಓದಿದ ಮೇಲೆ ಮಾಡುವ ಕೆಲಸ. ಪದಮಿತಿ ವಿವಿಯೇ ಹೇಳಿರುತ್ತದೆ, ಮೀರಬೇಡಿ.

ಒಂದು ಸೆಮಿಸ್ಟರ್ ಫೇಲಾಗಿದ್ದರೆ ಎರಡೇ ಸಾಲಲ್ಲಿ ಕಾರಣ ಹೇಳಿ ಮುಂದೆ ಹೋಗಿ. ಉಮ್ಮ ಬೀಡಿ ಕಟ್ಟಿ ಓದಿಸಿದ್ದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸೀಟು ಸಿಗುವುದು ಕಷ್ಟಕ್ಕಲ್ಲ, ಆ ಕಷ್ಟದ ನಡುವೆ ನೀವು ಮಾಡಿದ ಕೆಲಸಕ್ಕೆ.